ಇಪ್ಪತ್ತೆರಡು ಬೇವಿನ ಗಿಡಗಳು

ಪ್ರೋಗ್ರಾಮು ತೆರೆದುಕೊಳ್ಳದೆ, ಪರದೆಯ ನಡುವೆ ಬೂದುಬಣ್ಣದ ಒಂದು ಚೌಕ ಮೂಡಿ, ದಾರಿ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಾಗ ಅವಿನಾಶನಿಗೆ ಮೊದಲು ಆದದ್ದು ಸಮಾಧಾನ. ಅದರ ಬೆನ್ನಿಗೇ, ಆ ಸಮಾಧಾನ ಮುಖದ ಮೇಲೆ ಕಂಡುಬಿಟ್ಟಿತೋ ಏನೋ ಎಂಬ ಗಾಬರಿ. ಎಡಕ್ಕೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಣ್ಣನ ಮಗಳು ಯೋಗಿತಾ ಕೂತಿದ್ದಳು. ಹಿಂದೆ ದಿವಾನದ ಮೇಲೆ ಕಾಲು ಮಡಚಿಕೊಂಡು ಅವ್ವ ಭಾಗಾಬಾಯಿ. ಇಬ್ಬರೂ ಬೆಳಗಿನ ಪ್ಯಾಸೆಂಜರಿಗೆ ನಾಗಣಸೂರಿನಿಂದ ಬಂದವರು. ಆದರೆ ಅವನ ಮುಖ ಯಾರಿಗೂ ಬೇಕಾಗಿರಲಿಲ್ಲ. ಇಬ್ಬರ ಕಣ್ಣೂ ಪರದೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಬಾಗಿಲ ಮೇಲಿನ ಕೆಂಪು ದೀಪ ನೋಡುವವರ ಹಾಗೆ.

"ಏನಂತದ?" ಎಂದಳು ಭಾಗಾಬಾಯಿ.

"ದಾರಿ ಸಿಗವಲ್ದಂತ, ಆಯಿ," ಎಂದಳು ಯೋಗಿತಾ.

"ನಮ್ಮೂರ ದಾರಿ ಸಿಗಲಾರದಂಥಾದ್ದು ಏನದ? ಗಾಡಿ ಹತ್ತಿ ಕುಂತ್ರ ತಾನ ತಂದು ಬಿಡ್ತದ."

ಅವಿನಾಶ ನಕ್ಕ. ನಗು ಬೇಕಾದುದಕ್ಕಿಂತ ತುಸು ಹೆಚ್ಚು ಹೊತ್ತು ಉಳಿಯಿತು. ಜುಳೆ ಸೋಲಾಪುರ ಬಡಾವಣೆಯ ಈ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆಗೇ ಬಿಸಿಲು ಕಿಟಕಿಯ ಕಬ್ಬಿಣ ದಾಟಿ ಒಳಗೆ ಬಂದಿತ್ತು. ಹೆಂಡತಿ ಪೂನಮ, ಪರೀಕ್ಷೆಯ ಡ್ಯೂಟಿಗೆ ಹೊರಡುವಾಗ, ಚಪ್ಪಲಿ ಮೆಟ್ಟುತ್ತ, "ಅಹೋ, ನನ್ನ ಲ್ಯಾಪ್‌ಟಾಪ್‌ದಾಗ ಸಾಲಿ ಹುಡುಗೂರ ಮಾರ್ಕ್ಸ್ ಅವ. ಏನರೆ ಆತಂದ್ರ ನಿಮ್ಮ ರೈಲ್ವೆ ಬಂದು ನನ್ನ ಬಿಡಿಸಂಗಿಲ್ಲ ನೋಡ್ರಿ" ಎಂದು ಹೇಳಿ ಹೋಗಿದ್ದಳು. ಅವಳು ಹೋದದ್ದೂ ಒಂದು ಸಮಾಧಾನವೇ. ಈ ದಿನ ಅವನು ಸಣ್ಣ ಸಣ್ಣ ಸಮಾಧಾನಗಳನ್ನು ಆಯ್ದುಕೊಳ್ಳುತ್ತಿದ್ದ.

ವಿಷಯ ಸರಳವಾಗಿತ್ತು. ನಾಗಣಸೂರ ಸ್ಟೇಷನ್ನಿನ ದಕ್ಷಿಣಕ್ಕೆ, ಹಳಿಯಿಂದ ನಲವತ್ತು ಹೆಜ್ಜೆಯಾಚೆ ಇಪ್ಪತ್ತೆರಡು ಮನೆಗಳ ವಸ್ತಿ. ಅದರಲ್ಲಿ ಹದಿನೇಳನೆಯದು ಅವ್ವ ಮತ್ತು ಅಣ್ಣ ಖಂಡೆಪ್ಪನ ಸಂಸಾರದ್ದು. ಅಲ್ಲಿ ಸರಕು ಗಾಡಿಗಳಿಗೆ ಹೊಸ ಸೈಡಿಂಗ್, ಅಂದರೆ ಪಕ್ಕದ ಹಳಿ, ಹಾಕಬೇಕೆಂದು ಅಳತೆಯವರು ಬಂದು ಮನೆಗಳ ನಡುವೆಯೇ ಬಿಳಿ ಕಲ್ಲು ನೆಟ್ಟು ಹೋಗಿದ್ದರು. ಎರಡು ಸಾವಿರದ ಐದಕ್ಕೆ ಮೊದಲೇ ಇದ್ದವರಿಗೆ ಬೇರೆ ಕಡೆ ಜಾಗ ಸಿಗುತ್ತದೆ. ಆಮೇಲೆ ಬಂದವರಾದರೆ ಹದಿನೈದು ದಿನದಲ್ಲಿ ಖಾಲಿ ಮಾಡಬೇಕು. ವಸ್ತಿ ಐವತ್ತು ವರ್ಷ ಹಳೆಯದು. ಆದರೆ ಅಲ್ಲಿನವರ ಕಾಗದಗಳಲ್ಲೆಲ್ಲ ವಿಳಾಸ ಮುಕ್ಕಾಮ ಪೋಸ್ಟ ನಾಗಣಸೂರ ಎಂದಷ್ಟೇ ಇತ್ತು. ವಸ್ತಿಗೆ ಒಂದು ಹೆಸರನ್ನು ಕಾಗದದ ಮೇಲೆ ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಬಾಯಲ್ಲಿ ಬೇಕಾದಷ್ಟು ಹೆಸರುಗಳಿದ್ದವು. ಅಕ್ಕಲಕೋಟೆಯ ಕಚೇರಿಯಲ್ಲಿ ಕಾರಕೂನನೊಬ್ಬ ಯೋಗಿತಾಳಿಗೆ ಹೇಳಿದ್ದನಂತೆ: ಬರೀ ಫೋಟೋ ನಡ್ಯಂಗಿಲ್ಲ ತಂಗಿ, ಫೋಟೋ ಯಾವಾಗರೆ ತಗೀಬಹುದು, ತಾರೀಖ ಇರೂದು ತಗೊಂಡು ಬಾ, ಕಂಪ್ಯೂಟರದಾಗಿನ ಹಳಿ ಫೈಲ್ ಇದ್ರೂ ನೋಡೂಣು, ಅದಕ್ಕ ತಾರೀಖ ತಾನ ಬಿದ್ದಿರ್ತದ. ಅವನು ಅವಳನ್ನು ಸಾಗಹಾಕಲು ಹೇಳಿದ್ದಿರಬೇಕು. ಆದರೆ ಮನೆಗೆ ಬಂದು ಅದನ್ನು ಹೇಳಿದಾಗ ಭಾಗಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಮ್ಮ ಅವಿ ನಮ್ಮೂರ ಸ್ಟೇಷನ್ ಎಲ್ಲಾ ಕಂಪ್ಯೂಟರದಾಗ ಹಾಕಿದ್ದನಲ್ಲ" ಎಂದಿದ್ದಳು. ವಿಚಾರಣೆ ನಾಳೆ ಹನ್ನೊಂದಕ್ಕೆ.

ಹಾಕಿದ್ದ. ಆಗ ಇಪ್ಪತ್ತೈದರ ವಯಸ್ಸು, ಸೋಲಾಪುರದ ಕಂಪ್ಯೂಟರ್ ಕ್ಲಾಸೊಂದರಲ್ಲಿ ಟೈಪಿಂಗ್ ಕಲಿಸುವ ಕೆಲಸ, ಕ್ಲಾಸಿನ ಯಂತ್ರದಲ್ಲಿ ಯಾರೋ ಹಾಕಿ ಮರೆತಿದ್ದ ರೈಲು ಓಡಿಸುವ ಆಟ. ಆಟದಲ್ಲಿ ಪರದೇಶದ ಮಾರ್ಗಗಳಿದ್ದವು, ಹಿಮ ಇತ್ತು, ಸೇತುವೆಗಳಿದ್ದವು, ಅವನ ಊರ ದಾರಿಯ ತಿಲಾಟಿ ಸ್ಟೇಷನ್ ಇರಲಿಲ್ಲ. ಹೊಸ ಮಾರ್ಗ ಕಟ್ಟುವುದಕ್ಕೆ ಯಾರ್ಯಾರೋ ಬಿಡುವಿನಲ್ಲಿ ಬರೆದು ಪುಕ್ಕಟೆ ಹಂಚಿದ್ದ ಸಣ್ಣ ಸಣ್ಣ ಪ್ರೋಗ್ರಾಮುಗಳು ಸಿಗುತ್ತಿದ್ದವು: ಒಂದು ಹಳಿ ಹಾಸಲು, ಒಂದು ಗೋಡೆಗಳಿಗೆ ಚಿತ್ರ ಅಂಟಿಸಲು, ಒಂದು ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಲು. ಎರಡು ವರ್ಷ ಅವನು ಪ್ರತಿ ರಜೆಯಲ್ಲೂ ಟೇಪು ಹಿಡಿದು, ಎರವಲು ಕ್ಯಾಮೆರಾ ಹೆಗಲಿಗೆ ಹಾಕಿ, ಹೋಟಗಿಯಿಂದ ದುಧನಿಯವರೆಗೆ ಹಳಿಯ ಪಕ್ಕ ನಡೆದಿದ್ದ. ಮುಗಿದ ಮಾರ್ಗವನ್ನು ಇಂಥ ಹುಚ್ಚಿನವರೆಲ್ಲ ಸೇರುವ ತಾಣವೊಂದಕ್ಕೆ ಕಳಿಸಿದಾಗ, ಅವನು ನಕಾಶೆಯಲ್ಲಷ್ಟೇ ನೋಡಿದ ಊರುಗಳ ಜನ ನಾಗಣಸೂರಿನ ಮೂಲಕ ರೈಲು ಓಡಿಸಿ, ಬಹಳ ನೈಜವಾಗಿದೆ ಎಂದು ಬರೆದರು. ಅಲ್ಲಿಯವರೆಗೆ ಅವನನ್ನು ಯಾರೂ ಇಂಗ್ಲಿಷಿನಲ್ಲಿ ಹೊಗಳಿರಲಿಲ್ಲ. ಆ ತಾಣ ಮುಚ್ಚಿ ಈಗ ಎಂಟು ವರ್ಷ. ಉಳಿದದ್ದು ಉಕ್ಕಿನ ಡಬ್ಬಿಯಲ್ಲಿನ ಹಳೆಯ ಹಾರ್ಡ್ ಡಿಸ್ಕು, ಮತ್ತು ಅವನೊಬ್ಬನಿಗೇ ಗೊತ್ತಿದ್ದ ಒಂದು ಸಂಗತಿ: ಬಹಳ ನೈಜವಾದ ಆ ಮಾರ್ಗದಲ್ಲಿ ವಸ್ತಿ ಇರಲಿಲ್ಲ.

ಮೊದಲು ಇತ್ತು. ನಾಲ್ಕು ಸಂಜೆ ಕೂತು ಇಪ್ಪತ್ತೆರಡು ಮನೆಗಳನ್ನೂ ನಿಲ್ಲಿಸಿದ್ದ. ಕಳಿಸುವ ಹಿಂದಿನ ದಿನ, ಒಮ್ಮೆ ಇಂಜಿನ್ನಿನಲ್ಲಿ ಕೂತು ನೋಡೋಣವೆಂದು ಮುಂದಿನ ಸ್ಟೇಷನ್ ಬೋರೋಟಿ ಕಡೆಯಿಂದ ಬಂದಾಗ, ಎಡಗಡೆಗೆ ತಗಡಿನ ಸಾಲು ಕಂಡಿತು. ಆಗ ಯಾರೂ ಏನೂ ಅಂದಿರಲಿಲ್ಲ. ಈಗಲೂ ಅವನಿಗೆ ನೆನಪಿಸಿಕೊಳ್ಳಲು ಬೇಕಾಗಿದ್ದದ್ದು ಯಾರಾದರೂ ಒಬ್ಬ ಅಂದದ್ದು. ಅಂಥವನೊಬ್ಬನಿದ್ದಿದ್ದರೆ ಇಷ್ಟು ವರ್ಷ ಅವನ ಮೇಲೆ ಸಿಟ್ಟಿನಿಂದ ಇದ್ದುಬಿಡಬಹುದಿತ್ತು. ಯಾರೋ ಒಬ್ಬ, ಪುಣೆಯವನಿರಬಹುದು, ಹಳಿ ಪಕ್ಕ ಅದೇನು ಎಂದು ಕೇಳಿಯಾನು ಎಂದು ಅವನಿಗೆ ಅನ್ನಿಸಿತು, ಅಷ್ಟೆ. ಒಂದೊಂದಾಗಿ ಮನೆಗಳನ್ನು ಒತ್ತಿ ಅಳಿಸಿದ. ಬಯಲು ಬೋಳಾಗಿ ಕಂಡಿದ್ದರಿಂದ ಪ್ರತಿ ಮನೆಯ ಜಾಗದಲ್ಲಿ ಒಂದು ಬೇವಿನ ಗಿಡ ನೆಟ್ಟ. ಆ ಕಾಲದ ಆಟದಲ್ಲಿ ಗಿಡವೆಂದರೆ ಅಡ್ಡಡ್ಡ ಸಿಕ್ಕಿಸಿದ ಎರಡು ಹಾಳೆ. ಯಾವ ಕಡೆಯಿಂದ ನೋಡಿದರೂ ಗಿಡವೇ, ನೆರಳು ಮಾತ್ರ ಇಲ್ಲ.

ಈಗ ಬೆಳಗಿನಿಂದ ಆಗುತ್ತಿದ್ದ ವಿಚಿತ್ರವೆಂದರೆ, ಮನಸ್ಸು ಬೇಡವೆಂದಷ್ಟೂ ಕೈ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಕಾಲೇಜೊಂದರ ಲ್ಯಾಬಿನಲ್ಲಿ ಹದಿನೆಂಟು ವರ್ಷ ಕೆಟ್ಟ ಯಂತ್ರಗಳ ನಡುವೆ ಬದುಕಿದ ಕೈ ಅದು, ಅದಕ್ಕೆ ಲಜ್ಜೆಯಿಲ್ಲ. ಹಳೆಯ ಡಿಸ್ಕನ್ನು ಕೇಬಲಿಗೆ ಸಿಕ್ಕಿಸಿದಾಗ, "ಮೊದಲ ಕಾಪಿ ಮಾಡ್ಕೊಳ್ರಿ ಕಾಕಾ" ಎಂದವಳು ಯೋಗಿತಾ. ಕಾಪಿ ಮುಗಿಯುತ್ತಿದ್ದಂತೆ ಡಿಸ್ಕಿನ ಹೊಟ್ಟೆಯೊಳಗಿಂದ ಟಕ್, ಟಕ್ ಎಂದು, ಹಳಿಯ ಕೀಲು ದಾಟುವ ಗಾಲಿಯ ಹಾಗೆ ಸದ್ದು ಬಂತು. ಆ ಗಾಡಿ ನಿಧಾನವಾಯಿತು, ನಿಂತಿತು. ಮತ್ತೆ ಏಳಲಿಲ್ಲ. "ಹೋತೇನ್ರಿ?" "ಹೋತು. ಆದ್ರ ಕಾಪಿ ಆಗ್ಯಾದ." ಆಮೇಲೆ ಮೂಲ ಆಟವನ್ನು ಹಾಕಿದ, ಇಂದಿನ ವಿಂಡೋಸ್ ತನ್ನ ರಕ್ಷಿತ ಫೋಲ್ಡರಿನೊಳಗೆ ಹಳಬರನ್ನು ಬರೆಯಗೊಡುವುದಿಲ್ಲವಾದ್ದರಿಂದ ಹೊರಗೆ ಬೇರೆ ಫೋಲ್ಡರಿನಲ್ಲಿ ಹಾಕಿದ. ಮಾರ್ಗ ಕಟ್ಟುವ ಪ್ರೋಗ್ರಾಮು ಯಾವುದೋ ಕಾಲದ ಒಂದು ಫೈಲು ಇಲ್ಲವೆಂದು ಹಟ ಹಿಡಿಯಿತು, ಹುಡುಕಿ ತಂದುಕೊಟ್ಟ. ಆಟ ಎಲ್ಲಿದೆಯೆಂದು ಅದು ಹುಡುಕುವ ಜಾಗವೇ ಈಗ ಬದಲಾಗಿದೆ. ಹೊಸ ಜಾಗದ ಗುರುತನ್ನು ಕೈಯಿಂದ ಬರೆದ. ಪ್ರತಿಯೊಂದು ತಿದ್ದುಪಡಿಯನ್ನೂ ಯೋಗಿತಾ ತನ್ನ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಯುನಿಫಾರ್ಮ್ ಹೊಲಿಯುವ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಅವಳಿಗೆ. ಬರೆಯದೆ ಯಾವುದನ್ನೂ ನಂಬುವವಳಲ್ಲ.

ನಂತರ ಬಂದದ್ದು ಆ ಬೂದು ಚೌಕ. ಸಿಗದ ದಾರಿಯ ನಡುವೆ ಸಾಲಾಗಿ ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳು. ಕಾರಣ ಅವನಿಗೆ ಅರ್ಧ ನಿಮಿಷದಲ್ಲಿ ಹೊಳೆಯಿತು. ಲ್ಯಾಪ್‌ಟಾಪು ತಂದ ದಿನ ಪೂನಮ ಬಲು ಹೆಮ್ಮೆಯಿಂದ ಅದಕ್ಕೆ ತನ್ನ ಹೆಸರನ್ನು ಮರಾಠಿ ಅಕ್ಷರದಲ್ಲಿ ಕೊಟ್ಟಿದ್ದಳು. ಹಳೆಯ ಪ್ರೋಗ್ರಾಮು ತನ್ನ ಹರಕುಮುರುಕು ಸಾಮಾನನ್ನು ಬಿಚ್ಚುವುದು ಆ ಹೆಸರಿನ ಫೋಲ್ಡರಿನಲ್ಲಿ. ಅದನ್ನು ಬರೆದವನಿಗೆ ಜಗತ್ತಿನಲ್ಲಿ ಇಂಗ್ಲಿಷಲ್ಲದೆ ಬೇರೆ ಅಕ್ಷರಗಳಿವೆ ಎಂಬ ಕಲ್ಪನೆ ಇರಲಿಲ್ಲ. ಇಂಗ್ಲಿಷ್ ಹೆಸರಿನ ಇನ್ನೊಂದು ಖಾತೆ ತೆರೆದರೆ ಎರಡು ನಿಮಿಷದ ಕೆಲಸ.

ಅವಿನಾಶ ಹೇಳಲಿಲ್ಲ.

ಬದಲಿಗೆ ಯಂತ್ರವನ್ನು ಆರಿಸಿ ಹೊತ್ತಿಸಿದ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ. ಹಳೆಯ ವಿಂಡೋಸಿನ ವೇಷ ಹಾಕಿಸಿ ತೆರೆದ. ವೈರಸ್ ಕಾವಲುಗಾರನನ್ನು ಮಲಗಿಸಿ ತೆರೆದ. ತಪ್ಪೆಂದು ಗೊತ್ತಿದ್ದ ಔಷಧಗಳನ್ನೆಲ್ಲ, ಹೆಸರಾಂತ ವೈದ್ಯನ ಗಾಂಭೀರ್ಯದಲ್ಲಿ, ಒಂದೊಂದಾಗಿ ಕೊಟ್ಟ. ಪ್ರತಿ ಸಲವೂ ಬೂದು ಚೌಕ ನಿಷ್ಠೆಯಿಂದ ಬಂದು ನಿಂತಿತು. ಯೋಗಿತಾ ಬರೆದುಕೊಂಡಳು: ಕಾವಲು ಬಂದ್, ಆಗಲಿಲ್ಲ. ಆ ದುಂಡಗಿನ ಅಕ್ಷರಗಳನ್ನು ನೋಡಲಾರದೆ ಅವನು ಎದ್ದು ನೀರು ಕುಡಿದು ಬಂದ. ಯಾಕೆ ಹೇಳುತ್ತಿಲ್ಲ ಎಂದು ತನ್ನನ್ನೇ ಕೇಳಿಕೊಂಡರೆ ಉತ್ತರ ಸಿದ್ಧವಾಗಿತ್ತು: ತೆರೆದರೂ ಪ್ರಯೋಜನವಿಲ್ಲವಲ್ಲ, ಅಲ್ಲಿ ಗಿಡಗಳಷ್ಟೇ ಇವೆ, ಅವ್ವನಿಗೆ ಸುಮ್ಮನೆ ನೋವು. ಎಷ್ಟು ದಯೆಯ ಉತ್ತರ. ಕೆಳಗಿನ ಮನೆಯ ಅಮೃತಪ್ಪ, ಸೊಸೈಟಿಯ ಮೀಟಿಂಗಿನಲ್ಲಿ, "ನಿಮ್ಮ ಊರ ಮನಿ ಎಲ್ಲಿ ಬರ್ತದ್ರಿ?" ಎಂದು ಕೇಳಿದಾಗಲೂ ಇಂಥದೇ ದಯೆಯಿಂದ ಅವನು "ಸ್ಟೇಷನ್ ಹಂತೇಲಿ" ಎಂದಿದ್ದ. "ಅಂದ್ರ ಊರಾಗಲ್ಲ?" ಎಂದು ಅಮೃತಪ್ಪ ಚಹದ ಕಪ್ಪನ್ನು ಬಲಗೈಯಿಂದ ಎಡಗೈಗೆ ಬದಲಿಸಿದ. ಬರೀ ಕಪ್ಪು ಬದಲಿಸಿದ್ದು. ಆದರೂ ಆರು ವರ್ಷವಾಯಿತು, ಮೆಟ್ಟಿಲಲ್ಲಿ ಆ ಮನುಷ್ಯ ಎದುರಾದಾಗಲೆಲ್ಲ ಅವಿನಾಶನ ಕಣ್ಣು ಅವನ ಕೈಗಳ ಮೇಲೆ ಹೋಗುತ್ತದೆ.

ಫೋನು ರಿಂಗಾಯಿತು. ಖಂಡೆಪ್ಪ, ಡ್ಯೂಟಿಯಿಂದ. ಹಿಂದೆ ಯಾವುದೋ ಯಂತ್ರದ ಗದ್ದಲ. "ಏನೋ ಅವಿ, ನಿನ್ನ ಆಟದ ಗಾಡಿ ಹೊಂಟತೇನು?"

"ಇಲ್ಲಣ್ಣಾ, ಸ್ವಲ್ಪ ತೊಡಕದ."

"ಸಣ್ಣಾಂವ ಇದ್ದಾಗ ಎರಡು ವರ್ಷ ಅದರಾಗ ಸತ್ತಿ. ಅಪ್ಪ ಬೈತಿದ್ದ, ನಾ ಅಂತಿದ್ದೆ, ಆಡ್ಲಿ ಬಿಡು ಅಂತ. ನೋಡು ಈಗ, ಅದ ಉಪಯೋಗಕ್ಕ ಬಂತು." ಗದ್ದಲದಲ್ಲಿ ಮಾತು ತುಂಡಾಗಿ, ಮತ್ತೆ ಬಂತು. "ಇಪ್ಪತ್ತೆರಡೂ ಮನಿಯವರು ಕೇಳಾಕತ್ತಾರ. ಭೀಮಶಾ ಕಾಕಾ ಮುಂಜಾನಿಂದ ಮೂರ ಸಲ ಫೋನ್ ಮಾಡ್ಯಾನ. ಆಗ್ತದಲ್ಲ?"

"ಆಗ್ತದ," ಎಂದ ಅವಿನಾಶ.

ಫೋನು ಇಟ್ಟು ತಿರುಗಿದಾಗ ಯೋಗಿತಾ ಪರದೆಗೆ ಮುಖ ಹತ್ತಿರ ತಂದಿದ್ದಳು. ಬೆರಳು ಪ್ರಶ್ನಾರ್ಥಕಗಳ ಮೇಲಿತ್ತು. "ಕಾಕಾ, ಇವು ನಾಲ್ಕ ಅವ. ಕಾಕಿ ಹೆಸರು ಇಲ್ಲೆ ಮರಾಠಿದಾಗ ಅದಲ್ಲ? ನಮ್ಮ ಫ್ಯಾಕ್ಟರಿದಾಗ ಲೇಬಲ್ ಛಾಪಿಸೂ ಹಳಿ ಪ್ರೋಗ್ರಾಮೂ ಹಿಂಗ ಮಾಡ್ತಿತ್ತು. ಹೆಸರು ಮರಾಠಿದಾಗ ಇದ್ರ ಬಾಯಿನ ಬಿಡ್ತಿದ್ದಿಲ್ಲ." ಅವನು ಏನಾದರೂ ಹೇಳುವ ಮೊದಲೇ ಅವಳು ಹೊಸ ಖಾತೆ ತೆರೆದು, ಅದಕ್ಕೆ ಇಂಗ್ಲಿಷಿನಲ್ಲಿ ವಾಯ್ ಎಂಬ ಒಂದೇ ಅಕ್ಷರದ ಹೆಸರಿಟ್ಟು, ಒಳಹೊಕ್ಕಿದ್ದಳು. "ನಿಮಗ ಗೊತ್ತಾಗಲಿಲ್ಲೇನು?" ಎಂದು ಕೇಳಿದ ಅವಳ ದನಿಯಲ್ಲಿ ಬರೀ ಆಶ್ಚರ್ಯವಿತ್ತೋ, ಇನ್ನೇನಾದರೂ ಇತ್ತೋ.

"ವಯಸ್ಸಾತು," ಎಂದ.

"ನಂಗ ಎಷ್ಟಾತು ಮತ್ತ?" ಎಂದಳು ದಿವಾನದ ಮೇಲಿಂದ ಭಾಗಾಬಾಯಿ.

ಬೂದು ಚೌಕ ಈ ಸಲ ಬರಲಿಲ್ಲ. ಅದರ ಬದಲು ಪರೀಕ್ಷಿಸುವ ಪ್ರೋಗ್ರಾಮು ಮಾರ್ಗದ ಚಿತ್ರಗಳ ಹೆಸರುಗಳನ್ನು ತಾರೀಖಿನ ಸಮೇತ ಒಂದೊಂದಾಗಿ ಪರದೆಯ ಮೇಲೆ ಇಳಿಸತೊಡಗಿತು. ಎಷ್ಟೋ ವರ್ಷದ ಹಿಂದೆ ಅವನೇ ಕೊಟ್ಟ ಹೆಸರುಗಳು; ಸಾಲಿನಲ್ಲಿ ನಿಂತು ಹಾಜರಿ ಹೇಳುವ ಹಾಗೆ. ಯೋಗಿತಾ ಗಟ್ಟಿಯಾಗಿ ಓದುತ್ತಿದ್ದಳು. "ನೀಮ್ ಒಂದು. ನೀಮ್ ಎರಡು. ಪ್ಲ್ಯಾಟ್‌ಫಾರ್ಮ್. ಟಾಕಿ. ಭಾಗಾ ವಾಲ್…" ಅವಳು ನಿಂತಳು.

"ನನ್ನ ಹೆಸರ ಯಾಕ ಕರೀತದ ಅದು?" ಎಂದಳು ಭಾಗಾಬಾಯಿ.

ಗಿಡಗಳ ಭಯದಲ್ಲಿ ಇದನ್ನು ಅವಿನಾಶ ಮರೆತೇ ಹೋಗಿದ್ದ. ಅಥವಾ, ಇದನ್ನು ಮರೆಯುವುದಕ್ಕೆಂದೇ ಗಿಡಗಳನ್ನು ನೆನಪಿಟ್ಟುಕೊಂಡಿದ್ದ. ಆ ಕಾಲದಲ್ಲಿ ಪ್ಲ್ಯಾಟ್‌ಫಾರ್ಮಿನ ತುದಿಯ ಗಂಡಸರ ಸಂಡಾಸಕ್ಕೆ ಅಂಟಿಸಲು ಒಂದು ಗೋಡೆಯ ಚಿತ್ರ ಬೇಕಾಗಿತ್ತು. ತುಸು ಪಾಚಿ ಹಿಡಿದ, ಬುಡದಲ್ಲಿ ಸುಣ್ಣ ಉದುರಿದ, ಬಡ ನೀಲಿಯ ಗೋಡೆ. ಸ್ಟೇಷನ್ನಿನ ಸಂಡಾಸದ ಫೋಟೋ ತೆಗೆಯುತ್ತ ನಿಲ್ಲಲು ಸಂಕೋಚ. ಕ್ಯಾಮೆರಾದಲ್ಲಿ ಮನೆಯ ಗೋಡೆಯ ಒಂದು ಫೋಟೋ ಮೊದಲೇ ಇತ್ತು. ಅದನ್ನು ಚೌಕಾಕಾರವಾಗಿ ಕತ್ತರಿಸಿ, ಮೇಲೆ ಮರಾಠಿಯಲ್ಲಿ ಪುರುಷ ಎಂದು ಬರೆದು, ಅಂಟಿಸಿದ. ಆಗ ಅದು ತಾಂತ್ರಿಕ ನಿರ್ಧಾರದ ಹಾಗೆ ಕಂಡಿತ್ತು.

"ಎರಡು ಸಾವಿರದ ನಾಕು, ಮಾರ್ಚ್ ಹದಿನಾಕು," ಎಂದು ತಾರೀಖನ್ನು ಓದಿದಳು ಯೋಗಿತಾ. "ಕಾಕಾ, ತಗೀರಿ. ಊರು ತಗೀರಿ."

ಊರು ತೆರೆಯಿತು. ಮೊದಲು ಆಕಾಶ, ಆಮೇಲೆ ಒಂದೊಂದಾಗಿ ಹಳಿ, ಕಂಬ, ನೀರಿನ ಟಾಕಿ. ಹಳದಿ ಬೋರ್ಡಿನ ಮೇಲೆ ನಾಗಣಸೂರ. ಎಲ್ಲಿಯೂ ಮನುಷ್ಯರಿಲ್ಲ, ನಾಯಿಯಿಲ್ಲ, ಗಾಳಿಯಿಲ್ಲ. ಎಲ್ಲರೂ ಎದ್ದು ಹೋದ ಮೇಲಿನ ಸ್ಟೇಷನ್ನಿನ ಹಾಗೆ. ಯೋಗಿತಾ ತಾನೇ ಬಾಣದ ಗುರುತಿನ ಕೀಲಿಗಳನ್ನು ಒತ್ತುತ್ತ, ಪ್ರತಿದಿನ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ಹಳಿ ದಾಟಿ ದಕ್ಷಿಣಕ್ಕೆ ತಿರುಗಿದಳು. ಅಲ್ಲಿ ಬೇವಿನ ಗಿಡಗಳಿದ್ದವು. ಎರಡು ಸಾಲು. ನಡುನಡುವೆ, ಈಗ ಬಾಗಿಲುಗಳಿರುವ ಕಡೆ, ಖಾಲಿ ಕೆಮ್ಮಣ್ಣು. ಅವಳು ಕೀಲಿಯಿಂದ ಬೆರಳು ತೆಗೆದಳು.

"ಮನಿ ಎಲ್ಲವ ಕಾಕಾ?"

"ಆಗಿನ ಕಂಪ್ಯೂಟರ್ ತಾಳ್ತಿದ್ದಿಲ್ಲ," ಎಂದ ಅವಿನಾಶ. "ಭಾಳ ಮನಿ ಹಾಕಿದ್ರ ನಿಂತ ಬಿಡ್ತಿತ್ತು." ಹೇಳಿ ಮುಗಿಯುವಷ್ಟರಲ್ಲಿ ಅದು ಅವನಿಗೇ ನಿಜವೆನ್ನಿಸತೊಡಗಿತು. ಅಕ್ಕಲಕೋಟ ರೋಡಿನ ಸ್ಟೇಷನ್ನಿಗೆ ಅವನು ಅರವತ್ತು ಮನೆ ಹಾಕಿದ್ದ.

ಭಾಗಾಬಾಯಿ ದಿವಾನದಿಂದ ಇಳಿದು ಬಂದು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ಪರದೆ ನೋಡಿದಳು. ತುಟಿ ಅಲ್ಲಾಡುತ್ತಿತ್ತು. "ಗಿಡ ಚಂದ ಅವ," ಎಂದಳು.

ಸಂಡಾಸವನ್ನು ಕಂಡುಹಿಡಿದದ್ದೂ ಯೋಗಿತಾಳೇ. ಪ್ಲ್ಯಾಟ್‌ಫಾರ್ಮಿನ ತುದಿಗೆ ಹೋಗಿ ನಿಂತರೆ, ನೀಲಿ ಗೋಡೆ. ಅದರ ಮೇಲೆ ಸೊಳ್ಳೆಗೆ ಔಷಧ ಹೊಡೆಯಲು ಬಂದವರು ಕೆಂಪು ಬಣ್ಣದಲ್ಲಿ ಬರೆದುಹೋದ ಮನೆಯ ಸಂಖ್ಯೆ, ಹದಿನೇಳು. ಪಕ್ಕದ ಮನೆಗಳ ಹದಿನಾರು, ಹದಿನೆಂಟು ಇವತ್ತಿಗೂ ಅವುಗಳ ಗೋಡೆಯ ಮೇಲಿವೆ. ಇವರದನ್ನು ಖಂಡೆಪ್ಪ ಸಿಮೆಂಟಿನ ಗಿಲಾವು ಮಾಡಿಸುವಾಗ ಮುಚ್ಚಿದ್ದ. ಮತ್ತು ಚಿತ್ರದ ಬಲಗಡೆಯ ಅಂಚಿನಲ್ಲಿ, ಕತ್ತರಿಸುವಾಗ ಉಳಿದುಬಿಟ್ಟ ಒಂದು ಮೊಳಕೈ, ಹಸಿರು ಬಳೆಗಳು. ಅದೇ ಚಿತ್ರವನ್ನು ನಾಲ್ಕೂ ಕಡೆ ಅಂಟಿಸಿದ್ದರಿಂದ, ಸಂಡಾಸದ ಸುತ್ತ ಸುತ್ತಿದರೆ ಪ್ರತಿ ಗೋಡೆಯ ಅಂಚಿನಿಂದಲೂ ಅದೇ ಮೊಳಕೈ ಹೊರಗೆ ಬರುತ್ತಿತ್ತು. ಒಳಗೆ ಯಾರನ್ನೋ ಕೂಡಿಹಾಕಿದ ಹಾಗೆ.

"ಅಯ್ಯ, ಇದು ನಂದ ಕೈ!" ಎಂದಳು ಭಾಗಾಬಾಯಿ. "ಈ ಬಳಿ ಮೈಂದರ್ಗಿ ಬಜಾರದಾಗ ಇಡಿಸ್ಕೊಂಡಿದ್ದೆ. ನಮ್ಮ ಗ್ವಾಡಿ ಇದು. ಮ್ಯಾಲ ಏನ ಬರದದ?"

ಯೋಗಿತಾ ಅವಿನಾಶನತ್ತ ನೋಡಿ, "ಪುರುಷ ಅಂತ ಅದ, ಆಯಿ," ಎಂದಳು.

ಮುದುಕಿ ಎರಡು ಕ್ಷಣ ಯೋಚಿಸಿದಳು. ಆಮೇಲೆ ಅವಳ ಹೆಗಲು ಅಲುಗತೊಡಗಿತು. "ಸಂಡಾಸೇನು? ಯವ್ವಾ! ಅವಾಗ ನಮ್ಮ ಮನಿಗಿ ಸಂಡಾಸ ಇದ್ದಿದ್ದಿಲ್ಲ. ಇಂವ ಮನೀನ ಸಂಡಾಸ ಮಾಡಿ ಇಟ್ಟಾನ!" ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಸೆರಗಿನಿಂದ ಒರೆಸಿಕೊಂಡಳು. "ಇರಲಿ ಬಿಡೋ ಅವಿ. ಗ್ವಾಡಿ ನಿಂತದಲ್ಲ, ಸಾಕು."

ಬೈದಿದ್ದರೆ ಅವನು ಏನಾದರೂ ಮಾಡಬಹುದಿತ್ತು. ಆ ನಗುವನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ.

ಯೋಗಿತಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಂಖ್ಯೆ ಇದೆ, ತಾರೀಖಿದೆ. ಒಂದು ಮನೆ ನಿಂತರೆ ಸಾಲಿನ ಉಳಿದವೂ ನಿಂತ ಹಾಗೆ. ನಾಳೆ ಲ್ಯಾಪ್‌ಟಾಪನ್ನೇ ಅಕ್ಕಲಕೋಟೆಗೆ ಒಯ್ದು ಸಾಹೇಬರ ಮುಂದೆ ತೆರೆಯುವುದು. ಅದಕ್ಕೂ ಮೊದಲು ತಾರೀಖಿನ ಸಮೇತ ಪರದೆಯ ಫೋಟೋ. ಆದರೆ ಅವಳ ಮೊಬೈಲು ಬೆಳಗಿನಿಂದ ಫೋನು ಬಂದೂ ಬಂದೂ ಆರಿಹೋಗಿತ್ತು. ಅದನ್ನು ಚಾರ್ಜಿಗೆ ಸಿಕ್ಕಿಸಿದಳು. "ಹಂಗಾದ್ರ ಮೊದಲ ಉಣ್ರಿ," ಎಂದು ಭಾಗಾಬಾಯಿ ಅಡುಗೆಮನೆಗೆ ನಡೆದು, ಗಂಟು ಬಿಚ್ಚಿ ಜೋಳದ ಕಡಕ್ ಭಕ್ಕರಿ, ಶೇಂಗಾ ಚಟ್ನಿ ತೆಗೆದಳು. "ಬಾರೋ ಅವಿ."

"ಬಂದೆ," ಎಂದ. ಬರಲಿಲ್ಲ.

ಗೋಡೆಯನ್ನು ನೋಡುತ್ತ ಕೂತ. ಒಳಗಿನಿಂದ ಭಕ್ಕರಿ ಮುರಿಯುವ ಸದ್ದು, ಅವ್ವ ಮತ್ತೆ ನಗುವ ಸದ್ದು. ನಾಳೆ ಹನ್ನೊಂದಕ್ಕೆ ಆ ಕಾರಕೂನ ಲ್ಯಾಪ್‌ಟಾಪನ್ನು ಸಾಹೇಬರ ಕಡೆ ತಿರುಗಿಸುತ್ತಾನೆ. ಬಾಗಿಲಲ್ಲಿ ಸಿಪಾಯಿ, ಬೆಂಚಿನ ಮೇಲೆ ಇಪ್ಪತ್ತೆರಡು ಮನೆಯವರು. ಸಾಹೇಬರು ಕನ್ನಡಕ ಏರಿಸಿ ಓದುತ್ತಾರೆ: ಪುರುಷ. ಇದು ನಿಮ್ಮ ಮನೆಯೇ? ಯಾರು ಬರೆದದ್ದು? ನೀವೇ? ಸಾಹೇಬರ ಕೈಯಲ್ಲಿ ಚಹದ ಕಪ್ಪು ಇರುತ್ತದೆ. ಭೀಮಶಾ ಕಾಕಾ ಮುಂದಕ್ಕೆ ಬಾಗಿ ಏನು ಬರೆದಿದೆ ಎಂದು ಪಕ್ಕದವನನ್ನು ಕೇಳುತ್ತಾನೆ, ಪಕ್ಕದವನು ಹೇಳುತ್ತಾನೆ, ಆಮೇಲೆ ಯಾರೂ ನಗುವುದಿಲ್ಲ. ಬೆಳಿಗ್ಗೆಯಿಂದ ಅವನು ಹೆದರಿದ್ದು ಅಲ್ಲಿ ಮನೆಗಳಿಲ್ಲದಿರುವುದಕ್ಕೆ. ಈಗ ಇದ್ದದ್ದು ಅದಕ್ಕಿಂತ ಕೆಟ್ಟದ್ದಾಗಿ ಕೂತಿತ್ತು. ಮೂರೇ ಅಕ್ಷರ. ಅವಿಲ್ಲದಿದ್ದರೆ ಇದು ಬರೀ ಗೋಡೆ. ಒಳ್ಳೆಯ, ಮರ್ಯಾದಸ್ಥ ಗೋಡೆ.

ಚಿತ್ರ ತಿದ್ದುವ ಪ್ರೋಗ್ರಾಮು ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಅವನೇ ಹಾಕಿದ್ದು. ಚಿತ್ರವನ್ನು ತೆರೆದ. ಗೋಡೆಯ ಒಂದು ಮೂಲೆಯಿಂದ ನೀಲಿಯನ್ನು ಎತ್ತಿ, ಅಕ್ಷರಗಳ ಮೇಲೆ ಸವರಿದ. ಪಾಚಿಯ ಕಲೆಯನ್ನು ತುಸು ಎಳೆದು ತಂದು ಹೊಂದಿಸಿದ. ಹದಿನೇಳನ್ನು ಮುಟ್ಟಲಿಲ್ಲ, ಮೊಳಕೈಯನ್ನು ಮುಟ್ಟಲಿಲ್ಲ. ಹತ್ತು ಹನ್ನೆರಡು ಎಳೆತ, ಅಷ್ಟೆ. ಇಷ್ಟು ವರ್ಷದ ಮೇಲೂ ಕೈ ಕಲೆ ಮರೆತಿರಲಿಲ್ಲ; ಇಲ್ಲಿ ಏನೋ ಬರೆದಿತ್ತೆಂದು ಯಾರೂ ಹೇಳಲಾರರು. ಅವನಿಗೆ ಬೆಳಿಗ್ಗೆಯಿಂದ ಮೊದಲ ಸಲ ಹಸಿವಾಯಿತು. ಎಡಗೈಯ ಎರಡು ಬೆರಳು, ಊಟದ ಕೊನೆಗೆ ನೀರಿನ ಲೋಟಕ್ಕೆ ಹೋಗುವಷ್ಟು ಸಹಜವಾಗಿ, ಉಳಿಸುವ ಎರಡು ಕೀಲಿಗಳನ್ನು ಒತ್ತಿದವು.

ಆಮೇಲೆ ಅವನು ತಾರೀಖಿನ ಸಾಲನ್ನು ನೋಡಿದ.

ಮೇಲೂ ಕೆಳಗೂ ಎಲ್ಲ ಎರಡು ಸಾವಿರದ ನಾಲ್ಕರ ಫೈಲುಗಳು. ನಡುವೆ ಒಂದು ಮಾತ್ರ ಇವತ್ತಿನದು, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತೆರಡು ನಿಮಿಷ. ಹಿಂದಕ್ಕೆ ಹೋಗುವ ಕೀಲಿಯನ್ನು ಒತ್ತಿದ. ಅಕ್ಷರಗಳು ಮರಳಿ ಬಂದವು, ತಾರೀಖು ಬರಲಿಲ್ಲ. ಉಕ್ಕಿನ ಡಬ್ಬಿಯ ಡಿಸ್ಕನ್ನು ಮತ್ತೆ ಸಿಕ್ಕಿಸಿದ. ಟಕ್, ಎಂದಿತು. ಕಾದ. ಟಕ್. ಯಾವುದೋ ದೇಶದ ಯಾವುದೋ ಮುದುಕನ ಯಂತ್ರದಲ್ಲಿ ಆ ಮಾರ್ಗದ ಇನ್ನೊಂದು ಪ್ರತಿ ಇದ್ದೀತು. ನಾಳೆ ಹನ್ನೊಂದರೊಳಗೆ ಯಾರನ್ನು ಕೇಳುವುದು? ತಾನು ಇದನ್ನು ಗೊತ್ತಿಲ್ಲದೆ ಮಾಡಿದೆ ಎಂದು ತನಗೇ ಹೇಳಿಕೊಂಡ. ಹದಿನೆಂಟು ವರ್ಷದಿಂದ ಹುಡುಗರಿಗೆ, ಉಳಿಸಿದರೆ ತಾರೀಖು ಬದಲಾಗುತ್ತದೆ ಎಂದು ಹೇಳಿಕೊಟ್ಟವನು ಇನ್ನೊಬ್ಬನೇನೋ ಎಂಬಂತೆ ಹೇಳಿಕೊಂಡ.

ಯೋಗಿತಾ ಸೆರಗಿಗೆ ಕೈ ಒರೆಸುತ್ತ, ಮೊಬೈಲು ಹಿಡಿದು ಬಂದಳು. "ಆತು ನೋಡ್ರಿ, ಅರ್ಧ ಆಗ್ಯಾದ ಚಾರ್ಜು." ಫೋಟೋ ತೆಗೆಯಲು ಕೈ ಎತ್ತಿದವಳು ಹಾಗೆಯೇ ನಿಂತಳು. ಮೊಬೈಲು ನಿಧಾನವಾಗಿ ಕೆಳಗೆ ಬಂತು.

"ಮುಟ್ಟಿದ್ರೇನು?"

"ಅಕ್ಷರ ಅಷ್ಟ ತಗದಿದ್ದೆ. ಚಲೋ ಕಾಣ್ತಿದ್ದಿಲ್ಲ."

ಅವಳು ಕುರ್ಚಿಯಲ್ಲಿ ಕೂತಳು. ಡೈರಿ ತೆರೆದು, ಬರೆಯುವುದಕ್ಕೇನೋ ಎಂಬಂತೆ ಪೆನ್ನು ಹಿಡಿದು, ಮತ್ತೆ ಮುಚ್ಚಿದಳು. ಆಮೇಲೆ, ಅಡುಗೆಮನೆಗೆ ಕೇಳಿಸದ ದನಿಯಲ್ಲಿ, ಪರದೆಯ ಕೆಳಮೂಲೆಯನ್ನು ನೋಡುತ್ತ ಅವಳು ಹೇಳಿದಳು: "ಗಡಿಯಾರ ಹಿಂದಕ ಮಾಡಿ ಮತ್ತ ಸೇವ್ ಮಾಡಿದ್ರ?"

ಅವನಿಗೆ ಗೊತ್ತಿತ್ತು. ಕೇಳುವ ಮೊದಲೇ ಗೊತ್ತಿತ್ತು. ಯಂತ್ರಕ್ಕೆ ನೆನಪೆಂಬುದಿಲ್ಲ, ಇವತ್ತು ಯಾವ ದಿನವೆಂದು ಹೇಳಿಕೊಟ್ಟರೆ ಅದೇ ದಿನ. ಕಂಡುಹಿಡಿಯುವವರು ಕಂಡುಹಿಡಿಯಬಲ್ಲರು, ಕಂಡುಹಿಡಿದರೆ ಸುಳ್ಳು ಪುರಾವೆ ತಂದವರೆಂದು ಇಪ್ಪತ್ತೆರಡೂ ಮನೆಗಳ ಮೇಲೆ ಬರುತ್ತದೆ. ಒಂದು ಗಂಟೆಯ ಹಿಂದೆ ಆ ತಾರೀಖು ಪೂರಾ ನಿಜವಾಗಿತ್ತು. ಸಾಹೇಬರು ನಾಳೆ, ಈ ತಾರೀಖು ನಿಜವೇ ಎಂದು ಕೇಳಿದರೆ, ನಿಜ ಎಂದು ಸಹಿ ಮಾಡಬೇಕಾದವನು ಅವನು. ಅಥವಾ, ಅಲ್ಲಿ ಮನೆಗಳಿದ್ದವು, ನನ್ನ ಕೈಯಾರೆ ಅಳಿಸಿದೆ, ಇವತ್ತೂ ಅದನ್ನೇ ಮಾಡಿದೆ ಎಂದು ಬೆಂಚಿನ ಮೇಲಿನ ಇಪ್ಪತ್ತೆರಡು ಮನೆಯವರ ಮುಂದೆ ಹೇಳಬೇಕಾದವನೂ ಅವನೇ. ಎರಡರಲ್ಲಿ ಯಾವುದು ಹಗುರವೆಂಬುದರಲ್ಲಿ ಅವನಿಗೆ ಒಂದು ಕ್ಷಣವೂ ಅನುಮಾನವಾಗಲಿಲ್ಲ. ಹೆದರಿಕೆಯಾದದ್ದು ಅದಕ್ಕೆ.

ಗಡಿಯಾರವನ್ನು ತೆರೆದ. ವರ್ಷಗಳು ಒಂದೊಂದಾಗಿ ಹಿಂದಕ್ಕೆ ಜಾರತೊಡಗಿದವು. ಫ್ಲ್ಯಾಟು ಕೊಂಡ ವರ್ಷ, ಪೂನಮ ಬಂದ ವರ್ಷ, ಅಪ್ಪ ಹೋದ ವರ್ಷ. ಮಾರ್ಚ್ ಹದಿನಾಲ್ಕಕ್ಕೆ ಬಂದು ನಿಂತಾಗ ಕ್ಯಾಲೆಂಡರು ಅಂದೂ ಭಾನುವಾರವೆಂದು ತೋರಿಸಿತು.

"ಏನ ಮಾಡಾಕತ್ತೀರಿ ಇಬ್ಬರೂ?" ಭಾಗಾಬಾಯಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅವನ ಪಾಲಿನ ಭಕ್ಕರಿಯ ತಾಟು.

"ತಾರೀಖ ಸರಿ ಮಾಡಾಕತ್ತೀನವ್ವಾ."

ಅವಳು ಹತ್ತಿರ ಬಂದು ತಾಟನ್ನು ಮೇಜಿನ ಮೇಲಿಟ್ಟಳು. ಚಿತ್ರದ ಕಿಟಕಿಯ ಹಿಂದೆ, ಯೋಗಿತಾ ಮುಚ್ಚದೆ ಬಿಟ್ಟಿದ್ದ ಊರು ಇನ್ನೂ ತೆರೆದೇ ಇತ್ತು. ಅಂಚಿನಲ್ಲಿ ಗಿಡಗಳ ಎರಡು ಸಾಲು. ಅವಳು ಬೆರಳು ಚಾಚಿ, ಪರದೆಗೆ ತಾಕಿಸದೆ, ಈ ತುದಿಯಿಂದ ಒಂದೊಂದನ್ನೇ ಗಾಳಿಯಲ್ಲಿ ಮುಟ್ಟುತ್ತ ಹೋದಳು.

"ಆವಾಗ ಎಣಿಸೀನಿ. ಇಪ್ಪತ್ತೆರಡು ಅವ," ಎಂದಳು. ಬೆರಳು ಒಂದು ಗಿಡದ ಮೇಲೆ ನಿಂತಿತು. "ಇದು ನಮ್ಮದು."

ಅವಿನಾಶ ತಿರುಗಿ ನೋಡಲಿಲ್ಲ. ಅವಳು ಅವನ ತಲೆಯ ಮೇಲೆ, ಸಣ್ಣವನಿದ್ದಾಗ ಸಾಲಿಗೆ ಕಳಿಸುವ ಮುಂಚೆ ಇಡುತ್ತಿದ್ದ ಹಾಗೆ, ಚಟ್ನಿಯ ವಾಸನೆಯ ಕೈ ಇಟ್ಟಳು.

"ಸರಿ ಮಾಡು," ಎಂದಳು. "ಈ ಸಲರೆ ಮನಿ ಅಳಿಸಬ್ಯಾಡ."

ಅವನ ಎರಡು ಬೆರಳು ಉಳಿಸುವ ಕೀಲಿಗಳ ಮೇಲಿದ್ದವು. ಬೆಳಿಗ್ಗೆಯಿಂದ ಕೇಳದೆಯೇ ಎಲ್ಲವನ್ನೂ ಮಾಡಿ ಮುಗಿಸಿದ್ದ ಕೈ, ಈಗ ಅವನು ಹೇಳಲಿ ಎಂದು ಕಾಯುತ್ತಿತ್ತು.